ಜನರೇಟರ್‌ಗೆ ಪೆಟ್ಟಿಗೆ ಮಾಡಿಸಿದ್ವಿ, 20 ನಿಮಿಷಕ್ಕೆ ಬಂದ್ ಬೀಳ್ತಿದೆ, ಏನು ಮಾಡೋದು?

ಹಾಲಂಗಡಿ, ಗೋಕಾಕ

ಎಲ್ಲರಿಗೂ ನಮಸ್ಕಾರ. ಗೋಕಾಕದಲ್ಲಿ ನಮ್ಮದು ಹಾಲು, ಮೊಸರು, ಐಸ್‌ಕ್ರೀಮ್ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. 2 ಡೀಪ್ ಫ್ರೀಜರ್, ಒಂದು ಫ್ರಿಜ್ ಇವೆ. ಬೇಸಿಗೆಯಲ್ಲಿ ಕರೆಂಟ್ ಹೋದ್ರೆ ಮಾಲು ಕೆಡುತ್ತೆ ಅಂತ 2.5 ಕೆವಿಎ ಪೆಟ್ರೋಲ್ ಜನರೇಟರ್ ತಗೊಂಡಿದ್ದೇವೆ, ಹಗ್ಗ ಎಳೆದು ಶುರು ಮಾಡುವಂಥದ್ದು. ಕೆಲಸ ಚೆನ್ನಾಗಿದೆ, ಸದ್ದು ಮಾತ್ರ ತಡೆಯೋಕಾಗಲ್ಲ. ಪಕ್ಕದ ಮನೆ ಹುಡುಗಿ ಪಿಯುಸಿ ಎರಡನೇ ವರ್ಷ. ಅವಳು ಓದೋಕೆ ಕೂತ ಹೊತ್ತಿಗೇ ಇದು ಶುರುವಾಗುತ್ತೆ. ಅವರಮ್ಮ ಜಗಳಕ್ಕೇನೂ ಬರಲಿಲ್ಲ, ಕಂಪೌಂಡ್ ಗೋಡೆ ಹತ್ತಿರ ನಿಂತು "ಸ್ವಲ್ಪ ನೋಡ್ರಿ ಅಕ್ಕಾರ" ಅಂದ್ರು, ಅಷ್ಟೇ. ಬೈದಿದ್ರೆ ಇಷ್ಟು ನಾಟ್ತಿರಲಿಲ್ಲ.

ಅದಕ್ಕೆ ಬಡಿಗೇರರ ಹತ್ತಿರ 12 ಎಂಎಂ ಪ್ಲೈವುಡ್ ಪೆಟ್ಟಿಗೆ ಮಾಡಿಸಿದೆ. ಒಳಗೆ ಸುತ್ತಲೂ ಥರ್ಮಾಕೋಲ್, ಮೇಲೆ ಬಿಗಿ ಮುಚ್ಚಳ, ಸೈಲೆನ್ಸರ್ ಎದುರಿಗೆ 4 ಇಂಚಿನ ಒಂದೇ ತೂತು. ಮನೆಗೂ ಕಂಪೌಂಡಿಗೂ ನಡುವಿನ ಸಂದಿಯಲ್ಲಿ, ಅಡುಗೆಮನೆ ಕಿಟಕಿ ಕೆಳಗೆ ಇಟ್ಟಿದ್ದೇವೆ. ಸದ್ದು ಕಡಿಮೆಯಾಗಿದ್ದು ನಿಜ. ಆದ್ರೆ 20 ನಿಮಿಷಕ್ಕೆ ಇಂಜಿನ್ ಮುಕ್ಕರಿಯೋಕೆ ಶುರು ಮಾಡಿ ನಿಂತೇ ಹೋಯ್ತು. ಮುಚ್ಚಳ ತೆಗೆದ್ರೆ ಮುಖಕ್ಕೆ ಬಿಸಿ ಹೊಡೀತು. ಸೈಲೆನ್ಸರ್ ಕಡೆಯ ಥರ್ಮಾಕೋಲ್ ಕರಗಿ ಪಾಕದ ಎಳೆ ಹಾಗೆ ಜೋತಾಡ್ತಿತ್ತು. ಪೆಟ್ರೋಲ್ ಟ್ಯಾಂಕ್ ಮುಟ್ಟೋಕಾಗಲಿಲ್ಲ. ಇನ್ನೂ ನಾಲ್ಕು ತೂತು ಹಾಕಿಸಿದ್ರೆ ಸಾಕಾ? ಹಾಕಿಸಿದ್ರೆ ಸದ್ದು ಮತ್ತೆ ಬರಲ್ವಾ?

ಇಂಜಿನ್ ರಿಪೇರಿ, ವಿಜಯಪುರ

ಅಕ್ಕಾ, ಮೊದಲು ಒಂದು ಮಾತು. ಆ ಪೆಟ್ಟಿಗೆಯಲ್ಲಿ ಇನ್ನೊಂದು ಸಲವೂ ಶುರು ಮಾಡಬೇಡಿ. ಥರ್ಮಾಕೋಲ್ ಪೂರ್ತಿ ಕಿತ್ತು ಹಾಕಿ. ಅದು ಸದ್ದು ತಡೆಯಲ್ಲ, ಬೆಂಕಿ ಮಾತ್ರ ಚೆನ್ನಾಗಿ ಹಿಡಿಯುತ್ತೆ. ಕಾದ ಟ್ಯಾಂಕ್, ಪೆಟ್ರೋಲ್ ಆವಿ, ಕರಗಿದ ಥರ್ಮಾಕೋಲ್, ಮೂರೂ ಒಂದೇ ಪೆಟ್ಟಿಗೆಯಲ್ಲಿ ಇದ್ವು. ಇಂಜಿನ್ ತಾನಾಗೇ ನಿಂತಿದ್ದು ಒಳ್ಳೇದೇ ಆಯ್ತು.

ಈಗ ಲೆಕ್ಕ ನೋಡಿ. ನಿಮ್ಮಂಥ ಜನರೇಟರ್ ಒಳ್ಳೆ ಲೋಡ್ ಇದ್ದಾಗ ಗಂಟೆಗೆ ಸುಮಾರು 1 ಲೀಟರ್ ಪೆಟ್ರೋಲ್ ಕುಡಿಯುತ್ತೆ. 1 ಲೀಟರಿನಲ್ಲಿ ಹತ್ತಿರ ಹತ್ತಿರ 9 ಯೂನಿಟ್ ಶಕ್ತಿ ಇದೆ. ಅದರಲ್ಲಿ ಕರೆಂಟ್ ಆಗಿ ಬರೋದು 2 ಯೂನಿಟ್ ಒಳಗೇ. ಉಳಿದದ್ದೆಲ್ಲ ಬಿಸಿ. ಸ್ವಲ್ಪ ಹೊಗೆ ಜೊತೆ ಹೊರಗೆ ಹೋಗುತ್ತೆ ಅಂದ್ರೂ ಪೆಟ್ಟಿಗೆಯೊಳಗೆ 4 ಕಿಲೋವ್ಯಾಟ್ ಉಳಿಯುತ್ತೆ. ಸ್ನಾನದ ನೀರು ಕಾಯಿಸ್ತೀವಲ್ಲ, ಆ 1000 ವ್ಯಾಟಿನ ರಾಡ್ 4 ಒಟ್ಟಿಗೆ ಹಚ್ಚಿ ಮುಚ್ಚಿಟ್ಟ ಹಾಗೆ. 4 ಇಂಚಿನ ತೂತಿನಿಂದ ಇದು ಹೋಗೋದು ಸಾಧ್ಯವೇ ಇಲ್ಲ. ಒಳಗಿನ ಗಾಳಿ ಹೊರಗಿನದಕ್ಕಿಂತ 15 ಡಿಗ್ರಿಗಿಂತ ಜಾಸ್ತಿ ಏರಬಾರದು ಅಂದ್ರೆ ನಿಮಿಷಕ್ಕೆ ಸುಮಾರು 470 ಘನ ಅಡಿ ಗಾಳಿ ಓಡಾಡಬೇಕು. ನಮ್ಮ ಕಡೆ ಏಪ್ರಿಲ್‌ನಲ್ಲಿ ಹೊರಗೇ 40 ಇರುತ್ತೆ, ಹಾಗಾಗಿ ಇದರಲ್ಲಿ ಜಿಪುಣತನ ಬೇಡ. ಒಳಗೆ ಬರೋಕೆ ಒಂದೂವರೆ ಚದರ ಅಡಿ, ಹೊರಗೆ ಹೋಗೋಕೆ ಅಷ್ಟೇ ಅಥವಾ ಇನ್ನೂ ಸ್ವಲ್ಪ ದೊಡ್ಡದು ಬಿಡಿಸಿ.

ಎಲ್ಲಿ ಬಿಡಿಸೋದು ಅನ್ನೋದೂ ಮುಖ್ಯ. ಹಗ್ಗ ಎಳೆಯುವ ಕಡೆ ಇಂಜಿನ್ನಿನ ಫ್ಯಾನ್ ಇದೆ, ಅದು ಅಲ್ಲಿಂದ ಗಾಳಿ ಎಳೆದು ಸಿಲಿಂಡರ್ ಮೇಲೆ ಊದುತ್ತೆ. ತಣ್ಣನೆ ಗಾಳಿ ಆ ಕಡೆಯಿಂದ, ಕೆಳಗಿನಿಂದ ಬರಲಿ. ಬಿಸಿ ಗಾಳಿ ಸೈಲೆನ್ಸರ್ ಕಡೆಯಿಂದ, ಮೇಲಿನಿಂದ ಹೋಗಲಿ. ನಡುವೆ ತಗಡಿನ ಒಂದು ಅಡ್ಡ ಕೊಡಿ, ಇಲ್ಲಾಂದ್ರೆ ಊದಿದ ಬಿಸಿ ಗಾಳಿಯನ್ನೇ ಇಂಜಿನ್ ಮತ್ತೆ ಎಳ್ಕೊಳ್ಳುತ್ತೆ. ನಾನು ಬಿಚ್ಚಿ ನೋಡಿದ ಪೆಟ್ಟಿಗೆಗಳಲ್ಲಿ ಜಾಸ್ತಿ ಕೆಟ್ಟಿದ್ದು ಇದರಿಂದಲೇ, ತೂತು ಸಾಕಷ್ಟು ಇದ್ದವೂ ಕೆಟ್ಟಿವೆ.

12 ಇಂಚಿನ ಎಕ್ಸಾಸ್ಟ್ ಫ್ಯಾನನ್ನು ಗಾಳಿ ಬರುವ ಬಾಯಿಗೆ, ಒಳಗೆ ಊದುವ ಹಾಗೆ ಹಾಕಿ. ಹೊರಗೆ ಹೋಗುವ ಬಾಯಿಗೆ ಹಾಕಿದ್ರೆ ಫ್ಯಾನಿನ ಮೋಟಾರ್ ಬಿಸಿಯಲ್ಲಿ ಬೇಯುತ್ತೆ, ಪೆಟ್ರೋಲ್ ಆವಿಯೂ ಅದರ ಮೇಲೇ ಹಾಯುತ್ತೆ. ಜನರೇಟರಿನಿಂದಲೇ ಫ್ಯಾನಿಗೆ ಕರೆಂಟ್ ಕೊಡಿ. ಬಂದ್ ಮಾಡಿದ ಕೂಡಲೇ ಮುಚ್ಚಳ ತೆಗೆದಿಡಿ, ಯಾಕಂದ್ರೆ ಫ್ಯಾನ್ ನಿಂತ ಮೇಲೂ ಕಬ್ಬಿಣದಲ್ಲಿ ಬಿಸಿ ಇರುತ್ತೆ. ಪೂರ್ತಿ ಆರೋವರೆಗೆ ಪೆಟ್ರೋಲ್ ಹಾಕಬೇಡಿ.

ಹೊಗೆಗೆ ಬೇರೆ ದಾರಿ ಬೇಕು. ಸೈಲೆನ್ಸರ್ ಬಾಯಿಗೆ ಅದಕ್ಕಿಂತ ಸಣ್ಣದಲ್ಲದ ಸ್ಟೀಲ್ ಫ್ಲೆಕ್ಸಿಬಲ್ ಪೈಪ್ ಹಾಕಿಸಿ ಪೆಟ್ಟಿಗೆಯಿಂದ ಹೊರಗೆ ತನ್ನಿ. ಪೈಪಿನ ಭಾರ ಸೈಲೆನ್ಸರ್ ಮೇಲೆ ಬೀಳದ ಹಾಗೆ ಬೇರೆ ಕ್ಲಾಂಪ್ ಕೊಡಿ. ಪ್ಲೈವುಡ್ ದಾಟುವಲ್ಲಿ ಸುತ್ತ 2 ಇಂಚು ಜಾಗ ಬಿಟ್ಟು ತಗಡು ಹೊಡೆಸಿ.

ಅಡುಗೆಮನೆ ಕಿಟಕಿ, ಬಾಗಲಕೋಟೆ

ಮೇಲಿನವರು ಬಿಸಿಯ ಬಗ್ಗೆ ಚೆನ್ನಾಗಿ ಬರೆದಿದ್ದಾರೆ. ನನಗೆ "ಕಿಟಕಿ ಕೆಳಗೆ" ಅನ್ನೋದು ಓದಿ ಕೈ ತಣ್ಣಗಾಯ್ತು. ನಮ್ಮ ಮನೆಯಲ್ಲೂ ಹೀಗೇ ಇಟ್ಟಿದ್ವಿ. ಮಳೆ ಬಂದ ಒಂದು ರಾತ್ರಿ ಸಂದಿಯಲ್ಲಿ ಹಚ್ಚಿ ಮಲಗಿದ್ವಿ. ಅತ್ತೆಯವರು ತಲೆನೋವು ಅಂತ ಎದ್ರು, ನೀರು ಕುಡಿಯೋಕೆ ಹೋಗಿ ನೀರಿನ ಕೊಡ ಹಿಡ್ಕೊಂಡೇ ಕುಸಿದ್ರು. ಸದ್ದಿಗೆ ನಾವೆಲ್ಲ ಎದ್ವಿ, ಎಲ್ಲರಿಗೂ ತಲೆ ಭಾರ, ವಾಂತಿ ಬರೋ ಹಾಗೆ. ಬಾಗಿಲು ತೆಗೆದು ಅಂಗಳಕ್ಕೆ ಕರ್ಕೊಂಡು ಬಂದು ಆಸ್ಪತ್ರೆಗೆ ಹೋಗಿ ಆಕ್ಸಿಜನ್ ಹಾಕಿಸಿದ್ವಿ. ಅವರು ಉಳಿದ್ರು.

ಅದು ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಕಣ್ಣೂ ಉರಿಯಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಇದನ್ನು ಹಿಡ್ಕೊಳ್ಳುತ್ತೆ, ಅದಕ್ಕೇ ಮಲಗಿದವರು ಏಳದೇ ಹೋಗಬಹುದು. ಪೆಟ್ಟಿಗೆಗೆ ಎಷ್ಟು ಫ್ಯಾನ್ ಹಾಕಿದ್ರೂ ಹೊಗೆ ನಿಮ್ಮ ಸಂದಿಯಲ್ಲೇ ನಿಂತ್ರೆ ಏನು ಉಪಯೋಗ? ಪಕ್ಕದ ಮನೆ ಹುಡುಗಿಯ ಕಿಟಕಿಯೂ ಆ ಕಡೆನೇ ಇರಬೇಕಲ್ವಾ? ದಯವಿಟ್ಟು ಹಿತ್ತಲಿನ ಬಯಲಿಗೆ ಒಯ್ಯಿರಿ, ಎಲ್ಲ ಕಿಟಕಿಗಳಿಂದ ಕನಿಷ್ಠ 20 ಅಡಿ ದೂರ, ಹೊಗೆಯ ಬಾಯಿ ಮನೆಗಳಿಗೆ ಬೆನ್ನು ಮಾಡಿರಲಿ. ಮನೆಯೊಳಗೆ ಒಂದು ಸಿಒ ಅಲಾರಂ (ಕಾರ್ಬನ್ ಮೊನಾಕ್ಸೈಡ್ ಬಂದ್ರೆ ಕೂಗುವಂಥದ್ದು) ಇಡಿ, ಆನ್‌ಲೈನ್‌ನಲ್ಲಿ ಸಿಗುತ್ತೆ.

ಶಾಮಿಯಾನ ಲೈಟಿಂಗ್, ಬೆಳಗಾವಿ

ದೂರ ಒಯ್ದ್ರೆ ಸದ್ದಿಗೂ ಅದೇ ಮದ್ದು. ಬಯಲಲ್ಲಿ ದೂರ ಎರಡು ಪಟ್ಟಾದ್ರೆ 6 ಡೆಸಿಬೆಲ್ ಇಳಿಯುತ್ತೆ. ಈಗ ಕಿಟಕಿಗೆ 3 ಮೀಟರ್ ಇದ್ರೆ 12 ಮೀಟರಿಗೆ ಒಯ್ಯಿರಿ, 12 ಡೆಸಿಬೆಲ್ ಪುಕ್ಕಟೆ ಹೋಯ್ತು. 10 ಇಳಿದ್ರೇ ಕಿವಿಗೆ ಅರ್ಧ ಆದ ಹಾಗೆ ಕೇಳುತ್ತೆ. ಮದುವೆ ಮಂಟಪದ ಕೆಲಸದಲ್ಲಿ ನಾವು ಮೊದಲು ಮಾಡೋದೇ ಇದು, ಪೆಟ್ಟಿಗೆ ಆಮೇಲೆ.

ಇನ್ನು ತೂತಿನ ವಿಚಾರ. ಗಾಳಿ ಹೋಗೋ ದಾರಿಯಲ್ಲೇ ಸದ್ದೂ ಬರುತ್ತೆ, ನಿಮ್ಮ ಭಯ ಸರಿ. ಆದ್ರೆ ಗಾಳಿ ತಿರುವಿನಲ್ಲಿ ತಿರುಗಿ ಹೋಗುತ್ತೆ, ಸದ್ದು ಗೋಡೆಗೆ ಬಡಿದು ಪ್ರತಿ ಸಲ ಸ್ವಲ್ಪ ಸಾಯುತ್ತೆ. ಅದಕ್ಕೆ ತೂತಿನ ಮುಂದೆ ಪೆಟ್ಟಿಗೆಯಷ್ಟೇ ಅಗಲದ ಕೊಳವೆ ಕಟ್ಟಿ, ಒಳಗೆ 2 ಸಲ ತಿರುವು ಕೊಡಿ, ಒಂದು ಕಡೆ ನಿಂತ್ರೆ ಇನ್ನೊಂದು ಕಡೆಯ ಬೆಳಕು ಕಾಣಬಾರದು. ಎಲ್ಲೂ ಒಂದೂವರೆ ಚದರ ಅಡಿಗಿಂತ ಕಿರಿದಾಗದಿರಲಿ. ಒಳಗೋಡೆಗೆಲ್ಲ 2 ಇಂಚಿನ ರಾಕ್‌ವೂಲ್ (ಕಲ್ಲಿನ ಎಳೆಯ ಹಾಸು, ಬೆಂಕಿ ಹಿಡಿಯಲ್ಲ), ಅದರ ಮೇಲೆ ಗ್ಲಾಸ್ ಬಟ್ಟೆ (ಗಾಜಿನ ಎಳೆಯಲ್ಲಿ ನೇಯ್ದದ್ದು), ಅದರ ಮೇಲೆ ತೂತಿನ ತಗಡು. ಬಟ್ಟೆ ಬಿಡಬೇಡಿ, ಎಳೆ ಕಿತ್ತು ಏರ್ ಫಿಲ್ಟರಿಗೆ ಹೋಗುತ್ತೆ. ಮೊಟ್ಟೆ ಟ್ರೇ ಅಂಟಿಸಿ ಅಂತ ಯಾರಾದ್ರೂ ಹೇಳಿದ್ರೆ ಕೇಳಬೇಡಿ.

ಪೆಟ್ಟಿಗೆ ಗೋಡೆಗೆ ಭಾರ ಬೇಕು. 12 ಎಂಎಂ ಪ್ಲೈ ತಾನೇ ನಡುಗುತ್ತೆ. ಬಯಲಲ್ಲೇ ಕಾಯಂ ಇಡೋದಾದ್ರೆ ಮೂರು ಕಡೆ ಇಟ್ಟಿಗೆ ಗೋಡೆ ಕಟ್ಟಿಸಿ, ಮೇಲೆ ಫರಸಿ ಹಾಸಿ. ಒಂದು ಕಡೆ ಮಾತ್ರ ಬಾಗಿಲು. ಜನರೇಟರ್ ಕಾಲಿಗೆ ದಪ್ಪ ರಬ್ಬರ್ ಕೊಡಿ, ಯಾವ ಗೋಡೆಗೂ ತಾಗಬಾರದು.

ಅಂಗಡಿಗೆ ವೈರ್ ಎಳೆಯುವಾಗ ಚೇಂಜ್ ಓವರ್ ಸ್ವಿಚ್ (ಹೊರಗಿನ ಲೈನ್ ಇಲ್ಲಾ ಜನರೇಟರ್, ಒಂದು ಸಲಕ್ಕೆ ಒಂದನ್ನೇ ಜೋಡಿಸುವಂಥದ್ದು) ಹಾಕಿಸಿ. ಪ್ಲಗ್ಗಿಗೆ ನೇರವಾಗಿ ಕೊಟ್ರೆ ಕರೆಂಟ್ ಹೊರಗಿನ ಲೈನಿಗೆ ಹೋಗುತ್ತೆ, ಕಂಬ ಹತ್ತಿದ ಲೈನ್‌ಮನ್ ಜೀವಕ್ಕೆ ಕುತ್ತು.

ಹಾಲಂಗಡಿ, ಗೋಕಾಕ

ಎಲ್ಲರಿಗೂ ತುಂಬಾ ಧನ್ಯವಾದ. ಅತ್ತೆಯವರ ವಿಷಯ ಓದಿ ಅವತ್ತೇ ಸಂದಿಯಿಂದ ತೆಗೆಸಿದೆ. ಹಿತ್ತಲಿನ ಬೇವಿನ ಮರದ ಆಚೆ 11 ಮೀಟರ್ ದೂರ ಸಿಕ್ಕಿತು. ಇಟ್ಟಿಗೆ ಗೋಡೆ, ಫರಸಿ, ಎರಡೂ ಕಡೆ ತಿರುವಿನ ಕೊಳವೆ ಆಗಿದೆ, ಸುಣ್ಣ ಬಳಿಯೋದು ಬಾಕಿ. ನಿನ್ನೆ ಮಧ್ಯಾಹ್ನ 2 ಗಂಟೆ ಓಡಿಸಿದೆ, ನಿಲ್ಲಲಿಲ್ಲ. ಟ್ಯಾಂಕ್ ಮೇಲೆ ಅಂಗೈ ಇಟ್ಟು ನೋಡಿದೆ, ಇಡೋಕಾಯ್ತು. ಪಕ್ಕದವರ ಕಿಟಕಿ ಹತ್ತಿರ ನಿಂತ್ರೆ ಕೇಳುತ್ತೆ, ಆದ್ರೆ ಮಾತು ನಿಲ್ಲಿಸಿ ಕೇಳಬೇಕು. ಒಂದೇ ಅನುಮಾನ ಉಳೀತು. ಮಳೆಗಾಲದಲ್ಲಿ ಹೊಗೆ ಪೈಪಿನೊಳಗೆ ನೀರು ಹೋಗಲ್ವಾ?

ಇಂಜಿನ್ ರಿಪೇರಿ, ವಿಜಯಪುರ

ಹೋಗುತ್ತೆ. ಪೈಪಿನ ತುದಿ ಮೇಲಕ್ಕೆ ಬೇಡ, ಹೊರಗೆ ಬಂದ ಮೇಲೆ ಸ್ವಲ್ಪ ಕೆಳಕ್ಕೆ ಬಾಗಿಸಿ. ಇಂಜಿನ್ನಿನಿಂದ ತುದಿವರೆಗೆ ಇಳಿಜಾರು ಇರಲಿ, ಒಳಗೆ ಕೂಡುವ ನೀರೂ ಹೊರಗೇ ಹರಿದು ಹೋಗುತ್ತೆ. ಇನ್ನೊಂದು, ಫ್ರೀಜರ್ ಮುಚ್ಚಳ ತೆಗೆಯದೇ ಇದ್ರೆ ತುಂಬಿದ ಡೀಪ್ ಫ್ರೀಜರ್ ಗಂಟೆಗಟ್ಟಲೆ ತಣ್ಣಗೇ ಇರುತ್ತೆ. ರಾತ್ರಿ ಕರೆಂಟ್ ಹೋದ್ರೆ ಪೂರ್ತಿ ಹೊತ್ತು ಓಡಿಸಬೇಡಿ, 3 ಗಂಟೆಗೊಮ್ಮೆ 1 ಗಂಟೆ ಓಡಿಸಿ ನೋಡಿ. ಒಳಗೆ ಒಂದು ಥರ್ಮಾಮೀಟರ್ ಇಟ್ರೆ ಎಷ್ಟು ಸಾಕು ಅಂತ ನಿಮಗೇ ಗೊತ್ತಾಗುತ್ತೆ.