ಲಾರಿಯಲ್ಲಿ ‘ಏರ್ ಹಿಡಿದಿದೆ’ ಅಂದರೆ ಯಾವ ಅರ್ಥ?

ಗೆಳೆಯರೇ,

ಶಿರಸಿ, ಕುಮಟಾ ಕಡೆಯ ಲಾರಿ ಮಾಲೀಕರ ಬಾಯಲ್ಲಿ ಓಡಾಡುವ ಒಂದು ಮಾತಿನ ಬಗ್ಗೆ ನಿಮ್ಮನ್ನು ಕೇಳಬೇಕಿದೆ. ‘ಏರ್ ಹಿಡಿದಿದೆ’ ಎನ್ನುವ ಮಾತು. ಇದಕ್ಕೆ ಎರಡು ಅರ್ಥ, ಅದೂ ಒಂದಕ್ಕೊಂದು ಎದುರು. ಒಂದು ಅರ್ಥದಲ್ಲಿ ಗಾಡಿ ಹೊರಡಲು ತಯಾರಾಗಿದೆ. ಇನ್ನೊಂದರಲ್ಲಿ ಗಾಡಿ ಸ್ಟಾರ್ಟೇ ಆಗುತ್ತಿಲ್ಲ.

ಸ್ವಂತ ಲಾರಿ ಇಟ್ಟುಕೊಂಡು ಸಣ್ಣಪುಟ್ಟ ರಿಪೇರಿ ತಾವೇ ಮಾಡಿಕೊಳ್ಳುವವರಿಗಾಗಿ ನಾವು ಕೆಲವರು ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇವೆ. ಮಳೆಗಾಲಕ್ಕೆ ಮೊದಲು ಏನು ನೋಡಬೇಕು, ಘಟ್ಟದಲ್ಲಿ ನಿಂತರೆ ಏನು ಮಾಡಬೇಕು, ಇಂಥವು. ಪಾನಾ, ಜಾಕು, ಪ್ಲೇಟು, ಸೆಲ್ಫು, ಸ್ಟೆಪ್ನಿ, ಇವುಗಳಲ್ಲಿ ತಕರಾರಿಲ್ಲ. ಎಲ್ಲರಿಗೂ ಗೊತ್ತಿರುವ ಹೆಸರುಗಳು, ಹಾಗೇ ಬರೆದಿದ್ದೇವೆ. ತೊಡಕು ಬಂದದ್ದು ಏರ್ ಮತ್ತು ಗಾಳಿಯ ನಡುವೆ.

ಟೈರಿಗೆ ಹಾಕುವುದು ಯಾವಾಗಲೂ ಗಾಳಿ. ಗಾಳಿ ಹೊಡೆಸು, ಗಾಳಿ ಇಳಿದಿದೆ, ಗಾಳಿ ನೋಡಿಸು. ಅದೇ ಗಾಳಿ ಬ್ರೇಕಿನ ಟ್ಯಾಂಕಿಗೆ ಹೋದ ಕೂಡಲೇ ಏರ್ ಆಗುತ್ತದೆ. ಡೀಸೆಲ್ ಪೈಪಿನೊಳಗೆ ಸೇರಿದರೂ ಏರ್. ಒಬ್ಬನೇ ಮನುಷ್ಯ ಒಂದೇ ಉಸಿರಿನಲ್ಲಿ ‘ಹಿಂದಿನ ಟೈರಿನ ಗಾಳಿ ನೋಡು, ಏರ್ ಟ್ಯಾಂಕಿನ ನೀರು ಬಿಡು’ ಅನ್ನುತ್ತಾನೆ. ಅವನಿಗೆ ಅವೆರಡೂ ಬೇರೆ ಬೇರೆ ವಸ್ತು.

ಮೊದಲು ಒಳ್ಳೆಯ ಅರ್ಥ ನೋಡೋಣ. ದೊಡ್ಡ ಲಾರಿಯ ಬ್ರೇಕು ನಡೆಯುವುದೇ ಒತ್ತಿ ತುಂಬಿದ ಗಾಳಿಯಿಂದ. ಎಂಜಿನ್ ಜೊತೆ ತಿರುಗುವ ಕಂಪ್ರೆಸರ್ ಟ್ಯಾಂಕು ತುಂಬಿಸುತ್ತದೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಏರ್ ಇಳಿದಿರಬಹುದು. ಆಗ ಬೆಳಿಗ್ಗೆ ಸ್ಟಾರ್ಟ್ ಮಾಡಿ, ಮೀಟರಿನ ಮುಳ್ಳು ಮೇಲೆ ಬರುವ ತನಕ ಕಾಯಬೇಕು. ‘ಏರ್ ಹಿಡೀಲಿ ತಮಾ, ಆಮೇಲೆ ಹೊರಡು’ ಅನ್ನುವುದು ಆಗ. ಇಲ್ಲಿ ಹಿಡಿಯುವುದು ಎಂದರೆ ಬೇಕಾದಷ್ಟು ತುಂಬುವುದು. ಶಿರಸಿಯಿಂದ ದೇವಿಮನೆ ಘಟ್ಟ ಇಳಿಯುವವನಿಗಾಗಲಿ, ಯಲ್ಲಾಪುರದಿಂದ ಅರಬೈಲು ಇಳಿಯುವವನಿಗಾಗಲಿ ಇದು ಜೀವದ ಮಾತು.

ಇನ್ನು ಕೆಟ್ಟ ಅರ್ಥ. ಡೀಸೆಲ್ ಪೂರ್ತಿ ಮುಗಿಯುವವರೆಗೆ ಓಡಿಸಿದರೆ, ಫಿಲ್ಟರ್ ಬದಲಿಸಿದರೆ, ಪೈಪಿನ ಜಾಯಿಂಟು ಸಡಿಲಾದರೆ ಲೈನಿನೊಳಗೆ ಗಾಳಿ ಸೇರುತ್ತದೆ. ಡೀಸೆಲ್ ಒತ್ತಿದರೆ ಹೆಚ್ಚೇನೂ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಪಂಪಿನ ಒತ್ತಡವೆಲ್ಲ ಆ ಗುಳ್ಳೆ ಕುಗ್ಗಿಸುವುದರಲ್ಲೇ ಕಳೆದುಹೋಗಿ, ಎಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ನಾಜಲ್ ತೆರೆಯುವಷ್ಟು ಒತ್ತಡ ಉಳಿಯುವುದಿಲ್ಲ. ಎಷ್ಟು ಸೆಲ್ಫ್ (ಸ್ಟಾರ್ಟರ್) ಹೊಡೆದರೂ ಬ್ಯಾಟರಿ ಇಳಿಯುತ್ತದೆಯೇ ಹೊರತು ಎಂಜಿನ್ ಹತ್ತುವುದಿಲ್ಲ. ‘ಏರ್ ಹಿಡಿದಿದೆ’ ಅನ್ನುತ್ತಾರೆ. ಇಲ್ಲಿ ಹಿಡಿಯುವುದು ಎಂದರೆ ಸಿಕ್ಕಿಕೊಂಡು ಕೂರುವುದು. ಹಳೆಯ ಗಾಡಿಯಾದರೆ ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ ಹ್ಯಾಂಡ್ ಪಂಪ್ ಒತ್ತುತ್ತಾರೆ. ಮೊದಲು ನೊರೆ ಬರುತ್ತದೆ. ನೊರೆ ನಿಂತು ಬರೀ ಡೀಸೆಲ್ ಬಂದಾಗ ಒತ್ತುತ್ತಲೇ ಸ್ಕ್ರೂ ಬಿಗಿ ಮಾಡುತ್ತಾರೆ. ಇದು ‘ಏರ್ ತೆಗೆಯುವುದು’.

ಇಷ್ಟೇ ಆಗಿದ್ದರೆ ಬ್ರೇಕಿಗೆ ಒಂದು, ಡೀಸೆಲ್‌ಗೆ ಒಂದು ಅಂತ ಬಿಡಬಹುದಿತ್ತು. ಆದರೆ 407 ಇದೆಯಲ್ಲ? 1986ರಲ್ಲಿ ಬಂದ ಈ ಟಾಟಾ ಗಾಡಿ ನಮ್ಮ ಕರಾವಳಿಯಲ್ಲಿ ಇವತ್ತಿಗೂ ಮೀನು, ಚಿರೆಕಲ್ಲು, ತೆಂಗಿನಕಾಯಿ ಹೊರುತ್ತಿದೆ. ಅದರದ್ದು ಎಣ್ಣೆ ಬ್ರೇಕು. ಎಣ್ಣೆಯ ಪೈಪಿನಲ್ಲಿ ಗಾಳಿ ಸೇರಿದರೆ ಪೆಡಲು ಮೆತ್ತಗಾಗಿ ಕೆಳಗೆ ಹೋಗುತ್ತದೆ, ಬ್ರೇಕು ಸಿಗುವುದಿಲ್ಲ. ಹಾಗಾಗಿ ‘ಬ್ರೇಕಿನಲ್ಲಿ ಏರ್ ಹಿಡಿದಿದೆ’ ಎಂದರೆ ದೊಡ್ಡ ಲಾರಿಯಲ್ಲಿ ಹೊರಡಬಹುದು, 407ರಲ್ಲಿ ಹೊರಡಲೇಬಾರದು! ವಾಕ್ಯ ಒಂದೇ. ಯಾವ ಗಾಡಿಯ ಪಕ್ಕ ನಿಂತು ಹೇಳಿದರು ಎನ್ನುವುದರ ಮೇಲೆ ಅರ್ಥ ನಿಂತಿದೆ.

ಗ್ಯಾರೇಜಿನಲ್ಲಿ ಇದು ತೊಂದರೆ ಕೊಡುವುದಿಲ್ಲ, ಗಾಡಿ ಎದುರಿಗೇ ಇರುತ್ತದೆ. ಕಾಗದದ ಮೇಲೆ ಇಟ್ಟಾಗ ಕಷ್ಟ. ಕೈಪಿಡಿಯ ಮೊದಲ ಕರಡಿನಲ್ಲಿ ‘ಬ್ರೇಕಿನಲ್ಲಿ ಗಾಳಿ ಸೇರಿದ್ದರೆ ಹೊರಹಾಕಬೇಕು’ ಎಂಬ ಸಾಲು ಬಂದಿತ್ತು. ಒಳ್ಳೆಯ ಕನ್ನಡವೇ. ಆದರೆ ಹೊಸದಾಗಿ ಕೆಲಸಕ್ಕೆ ಸೇರಿದ ಕ್ಲೀನರ್ ಹುಡುಗ ಅದನ್ನು ಓದಿ ದೊಡ್ಡ ಲಾರಿಯ ಟ್ಯಾಂಕು ಖಾಲಿ ಮಾಡಬಹುದು, ಅಲ್ವಾ? ಏರ್ ಟ್ಯಾಂಕಿನಿಂದ ದಿನವೂ ತೆಗೆಯಬೇಕಾದದ್ದು ನೀರು. ನಮ್ಮ ಕರಾವಳಿಯ ಗಾಳಿಯಲ್ಲಿ ತೇವ ಜಾಸ್ತಿ, ಅದು ಟ್ಯಾಂಕಿನಲ್ಲಿ ತಣಿದು ನೀರಾಗಿ ಕೆಳಗೆ ನಿಲ್ಲುತ್ತದೆ. ಬಿಟ್ಟರೆ ತುಕ್ಕು, ಆಮೇಲೆ ವಾಲ್ವು ಕಚ್ಚಿಕೊಳ್ಳುತ್ತದೆ.

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ‘ಏರ್’ ಅನ್ನು ತೆಗೆದು ಎಲ್ಲ ಕಡೆ ‘ಗಾಳಿ’ ಹಾಕುವುದು ಬೇಡ. ಟೈರಿನ ಗಾಳಿ ಬೇರೆ, ಏರ್ ಬೇರೆ ಎನ್ನುವ ಭೇದ ಜನರೇ ಮಾಡಿಕೊಂಡದ್ದು, ಉಪಯೋಗದ್ದು. ಮೇಲಾಗಿ ‘ಗಾಳಿ ಹಿಡಿದಿದೆ’ ಅಂದರೆ ಹಳ್ಳಿಯಲ್ಲಿ ದೆವ್ವದ ಸೋಂಕು ಎಂದೇ ಅರ್ಥ. ಕೈಪಿಡಿಯಲ್ಲಿ ಹಾಗೆ ಬರೆದರೆ ಹಿರಿಯರು ಒಪ್ಪಲಿಕ್ಕಿಲ್ಲ. ಹಳೆಯ ನಿಘಂಟು ಇಲ್ಲಿ ನೆರವಿಗೆ ಬರುವುದಿಲ್ಲ. ಕಿಟೆಲರ ನಿಘಂಟು ಬಂದದ್ದು 1894ರಲ್ಲಿ, ರುಡಾಲ್ಫ್ ಡೀಸೆಲ್ ತಮ್ಮ ಎಂಜಿನನ್ನು ಸರಿಯಾಗಿ ಓಡಿಸಿ ತೋರಿಸಿದ್ದೇ 1897ರಲ್ಲಿ.

ಬದಲಿಗೆ ಕ್ರಿಯಾಪದವನ್ನು ಗಟ್ಟಿ ಮಾಡಿಕೊಳ್ಳಬೇಕು ಅನಿಸುತ್ತದೆ. ಈ ಮಾತುಗಳಲ್ಲಿ ನಿಜವಾದ ಕೆಲಸ ಹೇಳುವುದು ಅದೇ. ಲೈನಿನ ಏರ್ ‘ತೆಗೆ’. ಸಡಿಲಾದ ಜಾಯಿಂಟು ಏರ್ ‘ಎಳೆಯುತ್ತದೆ’. ಬ್ರೇಕಿನ ಏರ್ ‘ಇಳಿಯುತ್ತದೆ’. ಇವು ಮೂರೂ ಸ್ಪಷ್ಟ. ‘ಹಿಡಿ’ ಒಂದೇ ಎರಡು ಕಡೆ ನಿಂತಿದೆ. ಏರ್ ಬ್ರೇಕಿಗೆ ‘ಏರ್ ತುಂಬಲಿ’, ಡೀಸೆಲ್ ಲೈನಿಗೆ ಮತ್ತು ಎಣ್ಣೆ ಬ್ರೇಕಿಗೆ ‘ಏರ್ ಸಿಕ್ಕಿಕೊಂಡಿದೆ’ ಎಂದು ಬರೆದರೆ ಹೇಗೆ? ಕೇಳಲು ಸಹಜವಾಗಿದೆಯೇ, ಇಲ್ಲ ಬರಹದ ವಾಸನೆ ಬರುತ್ತದೆಯೇ?

‘ತೆಗೆ’ ಬಗ್ಗೆಯೂ ಒಂದು ಭಯ ಇದೆ. ಹಳೆಯ ಕೈಗಳಿಗೆ ‘ಏರ್ ತೆಗೆ’ ಅಂದರೆ ನಾಜಲ್ ಪೈಪಿನ ನಟ್ಟು ಸಡಿಲಿಸಿ ಸೆಲ್ಫ್ ಹೊಡೆಯುವುದೂ ಸೇರುತ್ತದೆ. ಕಾಮನ್ ರೈಲ್ ಗಾಡಿಯಲ್ಲಿ (ಎಲ್ಲ ನಾಜಲ್‌ಗಳಿಗೂ ಒಂದೇ ಕೊಳವೆಯಿಂದ ಭಾರೀ ಒತ್ತಡದಲ್ಲಿ ಡೀಸೆಲ್ ಹೋಗುವ ಗಾಡಿ), ಅದರಲ್ಲೂ 2020ರ ಏಪ್ರಿಲ್ ನಂತರದ ಬಿಎಸ್ 6 ಎಂಬ ಹೊಗೆ ನಿಯಮದ ಲಾರಿಗಳಲ್ಲಂತೂ, ಹಾಗೆ ಮಾಡಲೇಬಾರದು. ಆ ಪೈಪಿನಲ್ಲಿ 1,000 ಬಾರ್‌ಗಿಂತ ಮೇಲಿನ ಒತ್ತಡ ಬರುತ್ತದೆ. ಸಣ್ಣ ಸಂದಿಯಿಂದ ಚಿಮ್ಮಿದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಅಲ್ಲಿ ಫಿಲ್ಟರ್ ಹತ್ತಿರದ ಪಂಪ್ ಒತ್ತುವುದಷ್ಟೇ ಮಾಲೀಕನ ಕೆಲಸ. ಆ ಕೆಲಸಕ್ಕೂ ಅದೇ ‘ಏರ್ ತೆಗೆ’ ಬಳಸುವುದಾ? ಹೊಸ ಹುಡುಗರು ‘ಪಂಪ್ ಹೊಡಿ’ ಅನ್ನುವುದನ್ನು ಕೇಳಿದ್ದೇನೆ. ನನಗೆ ಅದೇ ವಾಸಿ ಅನಿಸುತ್ತದೆ.

ಕಾರವಾರ, ಜೋಯಿಡಾ, ಹಳಿಯಾಳದವರು ದಯವಿಟ್ಟು ಇನ್ನೊಂದು ವಿಷಯ ತಿಳಿಸಿ. ನಿಮ್ಮಲ್ಲಿ ಟೈರಿಗೆ ‘ಹವಾ’ ಹೊಡೆಸುತ್ತಾರೆ. ಕೊಂಕಣಿ, ಮರಾಠಿ ಹತ್ತಿರ ಇರುವುದು ಒಂದು ಕಾರಣ ಇರಬಹುದು. ಹುಬ್ಬಳ್ಳಿ ಕಡೆ ಚಕ್ರಕ್ಕೇ ‘ಗಾಲಿ’ ಅನ್ನುವುದರಿಂದ ‘ಗಾಲಿಗೆ ಗಾಳಿ’ ತೊಡಕಾಗಿ ಹವಾ ನಿಂತಿತೇ ಎಂಬ ಅನುಮಾನವೂ ನನಗಿದೆ. ಬ್ರೇಕಿಗೂ ಹವಾ ಅನ್ನುತ್ತಾರಾ, ಇಲ್ಲ ಅಲ್ಲಿಯೂ ಏರ್ ಎಂದೇ ಇದೆಯಾ?

ಉತ್ತರ ಬರೆಯುವಾಗ ಬರೀ ಪದ ಕೊಡಬೇಡಿ. ಗ್ಯಾರೇಜಿನಲ್ಲಿ ಕೇಳಿದ ಪೂರ್ತಿ ವಾಕ್ಯ ಬರೆಯಿರಿ. ಯಾವ ಊರು, ಯಾವ ಗಾಡಿ, ಬ್ರೇಕು ಏರ್‌ದೋ ಎಣ್ಣೆಯದೋ ಎಂಬುದೂ ಜೊತೆಗಿರಲಿ.