25 ದಿನ ಮನೆಗೆ ಬೀಗ, ಮೀನಿನ ಟ್ಯಾಂಕಿಗೆ ಏನು ಮಾಡುವುದು?

ಪ್ರಶ್ನೆ (ಕುಂಜಿಬೆಟ್ಟು, ಉಡುಪಿ):
ನಮಸ್ಕಾರ ಸರ್. ಮೇ ತಿಂಗಳಲ್ಲಿ ಮಕ್ಕಳ ರಜೆಗೆ ನಾವೆಲ್ಲ ದುಬೈಯಲ್ಲಿರುವ ತಮ್ಮನ ಮನೆಗೆ ಹೋಗುತ್ತಿದ್ದೇವೆ. 25 ದಿನ ಮನೆಗೆ ಬೀಗ. ಹಾಲ್‌ನಲ್ಲಿ 3 ಅಡಿಯ ಟ್ಯಾಂಕ್ ಉಂಟು. 36 ಇಂಚು ಉದ್ದ, 15 ಅಗಲ, 18 ಎತ್ತರ. 4 ಏಂಜೆಲ್, 6 ಮೋಲಿ, 1 ಸಕ್ಕರ್ ಇವೆ. ಟಾಪ್ ಫಿಲ್ಟರ್, ಏರ್ ಪಂಪ್ ಎರಡೂ ಇದೆ. ಪಕ್ಕದ ಮನೆಯ ಆಂಟಿ ದಿನಾ ಬಂದು ಫುಡ್ ಹಾಕುತ್ತೇನೆ ಅಂದಿದ್ದಾರೆ. ಆದರೂ ನನಗೆ ಹೆದರಿಕೆ. ಕಳೆದ ದೀಪಾವಳಿಗೆ 5 ದಿನ ಬೆಂಗಳೂರಿಗೆ ಹೋಗಿದ್ದೆವು. ನೆಂಟರ ಹುಡುಗನಿಗೆ ಫುಡ್ ಡಬ್ಬಿ ಕೊಟ್ಟಿದ್ದೆ. ವಾಪಸ್ ಬಂದಾಗ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗೆ. 3 ಮೀನು ಸತ್ತಿದ್ದವು. ಹಸಿವಿನಿಂದ ಸತ್ತವಾ? ಈ ಸಲ ಏನು ಮಾಡಲಿ?

ಉತ್ತರ:
ಅಕ್ಕಾ, ಹಸಿವಿನಿಂದ ಅಲ್ಲ. ಅಕ್ಕಿ ತೊಳೆದ ನೀರಿನ ಹಾಗೆ ಅಂದಿರಲ್ಲ, ಅದರಲ್ಲೇ ಉತ್ತರ ಉಂಟು. ಹುಡುಗ ಜಾಸ್ತಿ ಫುಡ್ ಹಾಕಿದ್ದಾನೆ. ಅವನ ತಪ್ಪೂ ಅಲ್ಲ. ಮನುಷ್ಯರು ಗಾಜಿನ ಹತ್ತಿರ ಹೋದರೆ ಸಾಕು, ಮೀನು ಓಡಿ ಬಂದು ಬಾಯಿ ಆಡಿಸುತ್ತದೆ. ಪಾಪ ಹಸಿವೆ ಅಂತ ಇನ್ನೊಂದು ಚಿಟಿಕೆ ಹಾಕುತ್ತೇವೆ. ತಿನ್ನದೆ ಉಳಿದದ್ದು ಕಲ್ಲಿನ ಸಂದಿಗೆ ಇಳಿದು ಕೊಳೆಯುತ್ತದೆ. ಕೊಳೆತದ್ದರಿಂದ ಅಮೋನಿಯಾ ಬರುತ್ತದೆ, ಅದು ಮೀನಿನ ಕಿವಿರು ಸುಡುತ್ತದೆ. ನೀರು ಬೆಳ್ಳಗಾಗುವುದು ಆ ಕೊಳೆ ತಿಂದು ಬೆಳೆಯುವ ಬ್ಯಾಕ್ಟೀರಿಯಾದಿಂದ. ನೀರಿನ ಆಮ್ಲಜನಕವನ್ನೂ ಅವೇ ಎಳೆದುಕೊಳ್ಳುತ್ತವೆ.

ನಾನು ಮಂಗಳೂರಿನಲ್ಲಿ ಮನೆಗಳಿಗೆ ಟ್ಯಾಂಕ್ ಇಟ್ಟುಕೊಡುತ್ತೇನೆ, ತಿಂಗಳ ಮೇಂಟೆನೆನ್ಸ್ ಕೂಡ ಮಾಡುತ್ತೇನೆ. ರಜೆ ಮುಗಿಸಿ ಬಂದವರ ಮನೆಗೆ ಹೋದಾಗ ನಾನು ಕಂಡದ್ದು ಎರಡೇ ಕಾರಣ. ಒಂದು ಜಾಸ್ತಿ ಫುಡ್, ಇನ್ನೊಂದು ನಿಂತುಹೋದ ಗಾಳಿ. ಬೆಳೆದ, ಆರೋಗ್ಯವಾಗಿರುವ ಮೀನು ಒಂದು ವಾರ ಏನೂ ತಿನ್ನದೆ ಆರಾಮಾಗಿ ಇರುತ್ತದೆ. ಮೋಲಿ ಮರಿ ಹಾಕಿದ್ದರೆ ಆ ಮರಿಗಳಿಗೆ ಮಾತ್ರ ಈ ಮಾತು ಹೊಂದುವುದಿಲ್ಲ.

ನಿಮಗೆ 25 ದಿನ. ಅಷ್ಟು ದಿನ ಪೂರ್ತಿ ಉಪವಾಸ ಬೇಡ. ಹೀಗೆ ಮಾಡಿ. ಮೆಡಿಕಲ್‌ನಲ್ಲಿ ವಾರದ 7 ದಿನದ ಮಾತ್ರೆ ಡಬ್ಬಿ ಸಿಗುತ್ತದಲ್ಲ, ಅದು ತನ್ನಿ. ಡಬ್ಬಿಯ ಒಂದೊಂದು ಮನೆಯಲ್ಲಿ (ಖಾನೆಯಲ್ಲಿ) ಒಂದು ಹೊತ್ತಿನ ಫುಡ್ ನೀವೇ ಅಳೆದು ಹಾಕಿ. 2 ನಿಮಿಷದಲ್ಲಿ ಮೀನು ಎಷ್ಟು ತಿಂದು ಮುಗಿಸುತ್ತದೆ ಅಂತ ಈಗಲೇ ಎರಡು ದಿನ ಕೂತು ನೋಡಿ, ಅಷ್ಟೇ ಅಳತೆ. ಸಕ್ಕರ್‌ಗೆ ಮುಳುಗುವ ಒಂದು ಬಿಲ್ಲೆ ಅದರ ಜೊತೆಗೆ ಇರಲಿ. ಮೊದಲ 3 ದಿನ ಏನೂ ಬೇಡ. 4ನೇ ದಿನ ಒಂದು ಮನೆ ಖಾಲಿ, ಮತ್ತೆ 7ಕ್ಕೆ, 10ಕ್ಕೆ, ಹೀಗೆ ಮೂರು ದಿನಕ್ಕೊಮ್ಮೆ. 22ನೇ ದಿನಕ್ಕೆ ಸರಿಯಾಗಿ 7 ಮನೆ ಮುಗಿಯುತ್ತದೆ. ಡಬ್ಬಿಯ ಮೇಲೆ ತಾರೀಕು ಬರೆದು ಅಂಟಿಸಿ. ಕರಾವಳಿಯ ಗಾಳಿಗೆ ಫುಡ್ ತೇವ ಎಳೆದುಕೊಳ್ಳುತ್ತದೆ, ಆದ್ದರಿಂದ ಆ ಡಬ್ಬಿಯನ್ನು ಬಿಗಿ ಮುಚ್ಚಳದ ಇನ್ನೊಂದು ಡಬ್ಬದೊಳಗೆ ಇಡಿ. ಉಳಿದ ಫುಡ್ ಅನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ. ಆಂಟಿ ಬೇಸರ ಮಾಡಿಕೊಳ್ಳಬಾರದು ಅಂದರೆ ಕಾರಣ ಮೊದಲೇ ಹೇಳಿ. ಮೀನು ಬಾಯಿ ಆಡಿಸಿದರೂ ಹಾಕಬೇಡಿ, ಅದು ಅದರ ಅಭ್ಯಾಸ ಅಂತ ಹೇಳಿ.

ಇನ್ನು ಕರೆಂಟಿನ ವಿಷಯ. ಇದನ್ನು ಫುಡ್‌ಗಿಂತ ಜಾಸ್ತಿ ಗಮನ ಕೊಟ್ಟು ಓದಿ.

ನಮ್ಮ ಕಡೆ ದೂರ ಹೋಗುವಾಗ ಮನೆಯ ಮೇನ್ ಆಫ್ ಮಾಡುವ ಅಭ್ಯಾಸ. ಗುಡುಗು ಸಿಡಿಲಿನ ಊರು, ಮಾಡಬೇಕಾದದ್ದೇ. ನನ್ನ ಒಬ್ಬ ಗಿರಾಕಿ ಎಲ್ಲ ತಯಾರಿ ಮಾಡಿ, ಬಾಗಿಲಲ್ಲಿ ನಿಂತು, ಕೈ ತಾನಾಗಿ ಹೋಗಿ ಮೇನ್ ಆಫ್ ಮಾಡಿ ಹೊರಟಿದ್ದರು. ನಾಲ್ಕನೇ ದಿನ ಅವರಿಗೆ ನೆನಪಾಗಿ ನನಗೆ ಫೋನ್ ಬಂತು. ನಾನು ಹೋಗಿ ಬಾಗಿಲು ತೆಗೆದಾಗ ವಾಸನೆ ಮೆಟ್ಟಿಲವರೆಗೆ ಬಂದಿತ್ತು. ಎಂಟು ವರ್ಷ ಸಾಕಿದ ಗೋಲ್ಡ್ ಫಿಶ್ ಇದ್ದವು. ಅವತ್ತಿನಿಂದ ಯಾರೇ ಹೊರಟರೂ ಮೇನ್ ಬೋರ್ಡಿಗೆ ಕೆಂಪು ಟೇಪ್ ಅಂಟಿಸಿ ಬರುತ್ತೇನೆ. ನೀವೂ ಅಂಟಿಸಿ. ಎಲೆಕ್ಟ್ರಿಷಿಯನ್ ಹತ್ತಿರ ಕೇಳಿ, ಟ್ಯಾಂಕಿನ ಪ್ಲಗ್ ಯಾವ ಎಂಸಿಬಿಯಲ್ಲಿ (ಬೋರ್ಡಿನ ಸಣ್ಣ ಸ್ವಿಚ್) ಉಂಟೋ ಅದೊಂದನ್ನು ಬಿಟ್ಟು ಬಾಕಿ ಆಫ್ ಮಾಡಬಹುದು.

ಮನೆಯಲ್ಲಿ ಇನ್ವರ್ಟರ್ ಇದ್ದರೆ ಏರ್ ಪಂಪ್ ಅನ್ನು ಆ ಲೈನಿಗೆ ಹಾಕಿ. ಸಣ್ಣ ಏರ್ ಪಂಪ್ 3ರಿಂದ 5 ವಾಟ್ ಅಷ್ಟೇ. ಫ್ಯಾನ್, ಲೈಟ್ ಎಲ್ಲ ಆಫ್ ಇದ್ದರೆ ಒಳ್ಳೆಯ ಬ್ಯಾಟರಿ ಒಂದು ದಿನಕ್ಕಿಂತ ಜಾಸ್ತಿ ಎಳೆಯುತ್ತದೆ. ಹೋಗುವ ಮೊದಲು ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿಸಿ. ಇನ್ವರ್ಟರ್ ಇಲ್ಲದಿದ್ದರೆ ಕರೆಂಟ್ ಹೋದ ಕೂಡಲೇ ತಾನಾಗಿ ಶುರುವಾಗುವ ಬ್ಯಾಟರಿ ಏರ್ ಪಂಪ್ ಸಿಗುತ್ತದೆ. ಏರ್ ಪಂಪ್ ನೀರಿನ ಮಟ್ಟಕ್ಕಿಂತ ಕೆಳಗೆ ಇದ್ದರೆ ಪೈಪಿಗೆ ನಾನ್ ರಿಟರ್ನ್ ವಾಲ್ವ್ ಹಾಕಲೇಬೇಕು. ಇಲ್ಲದಿದ್ದರೆ ಕರೆಂಟ್ ಹೋದಾಗ ನೀರು ಪೈಪಿನಲ್ಲಿ ಹಿಂದೆ ಹರಿದು ಪಂಪಿಗೂ ನೆಲಕ್ಕೂ ಬರುತ್ತದೆ.

ಮೇ ಸೆಕೆಗೆ ಮುಚ್ಚಿದ ಮನೆಯ ನೀರು 30 ಡಿಗ್ರಿ ದಾಟಬಹುದು. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಂಡರೆ, 30ರಲ್ಲಿ ಏಳೂವರೆ ಮಾತ್ರ. ಬಿಸಿಲು ಬೀಳುವ ಕಿಟಕಿಯ ಪರದೆ ಎಳೆದಿಡಿ. ಲೈಟಿಗೆ ಟೈಮರ್ ಹಾಕಿ, 6 ಗಂಟೆ ಸಾಕು.

ಹೊರಡುವ ಹಿಂದಿನ ದಿನ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ತೊಳೆಯುವುದು ಮಾತ್ರ ದಯವಿಟ್ಟು ಬೇಡ. ಅಮೋನಿಯಾವನ್ನು ಅರಗಿಸುವ ಒಳ್ಳೆಯ ಬ್ಯಾಕ್ಟೀರಿಯಾ ಫಿಲ್ಟರ್ ಸ್ಪಂಜಿನಲ್ಲಿ, ಕಲ್ಲಿನಲ್ಲಿ ಇರುತ್ತವೆ. ಸ್ಪಂಜನ್ನು ಒಂದು ವಾರ ಮೊದಲೇ, ಟ್ಯಾಂಕಿನದ್ದೇ ನೀರು ತೆಗೆದ ಬಕೆಟಿನಲ್ಲಿ ಹಿಂಡಿ. ಹೊರಡುವ 2 ದಿನ ಮೊದಲು ಕಾಲು ಭಾಗ ನೀರು ಬದಲಿಸಿ. ಈಗಿನಿಂದ ಹೊಸ ಮೀನು ತರಬೇಡಿ.

ಪ್ರಶ್ನೆ (ಮಲ್ಪೆ):
ಅಣ್ಣ, ನೀರು ಆರಿ ಕಡಿಮೆ ಆಗುತ್ತದಲ್ಲ, ಅದಕ್ಕೆ ಏನು? ನಮ್ಮದು ಬಾವಿ ನೀರು.

ಉತ್ತರ:
ಒಳ್ಳೆಯದು ಕೇಳಿದಿರಿ. ಮೇಲಿನ ಅಕ್ಕನ ಟ್ಯಾಂಕಿನಲ್ಲಿ 1 ಸೆಂಟಿಮೀಟರ್ ನೀರು ಇಳಿದರೆ ಸುಮಾರು ಮೂರೂವರೆ ಲೀಟರ್ ಹೋಯಿತು ಅಂತ ಲೆಕ್ಕ. ತುಂಬಾ ಇಳಿದರೆ ಟಾಪ್ ಫಿಲ್ಟರಿನ ಪಂಪ್ ಬಾಯಿ ಹೊರಗೆ ಬಂದು ಒಣ ಓಡುತ್ತದೆ, ಸುಟ್ಟು ಹೋಗುತ್ತದೆ. ಗಾಜಿಗೆ ಹೊರಗಿನಿಂದ ಟೇಪ್ ಅಂಟಿಸಿ ಗುರುತು ಮಾಡಿ. ಅದಕ್ಕಿಂತ ಇಳಿದರೆ ಮಾತ್ರ ನೀರು ಹಾಕಬೇಕು. ಟ್ಯಾಂಕಿಗೆ ಮುಚ್ಚಳ ಇದ್ದರೆ ಆರುವುದು ಬಹಳ ಕಡಿಮೆ, ಮೀನು ಹಾರುವುದೂ ತಪ್ಪುತ್ತದೆ.

ಬಾವಿ ನೀರಿನಲ್ಲಿ ಕ್ಲೋರಿನ್ ಇಲ್ಲ, ಅದೊಂದು ಅನುಕೂಲ. ನೀವು ಬ್ಲೀಚಿಂಗ್ ಪೌಡರ್ ಹಾಕಿಸಿದ್ದರೆ ಬೇರೆ ಮಾತು. ನಮ್ಮ ಮುರಕಲ್ಲಿನ ನೆಲದ ನೀರು ಸಾಮಾನ್ಯವಾಗಿ ಮೃದು, ಆರಿದಷ್ಟು ತುಂಬಲು ಒಳ್ಳೆಯದೇ. ಆದರೆ ಸಮುದ್ರದ, ಹೊಳೆಯ ಹತ್ತಿರದ ಬಾವಿಗಳಿಗೆ ಮೇ ತಿಂಗಳಲ್ಲಿ ಉಪ್ಪು ಬರುವುದುಂಟು. ನಾಲಿಗೆಗೆ ಸ್ವಲ್ಪ ಹಾಕಿ ನೋಡಿ. ನಳ್ಳಿ ನೀರಾದರೆ ಮೊದಲೇ ಎರಡು ದೊಡ್ಡ ಬಕೆಟ್ ತುಂಬಿ, ಕ್ಲೋರಿನ್ ತೆಗೆಯುವ ಮದ್ದು (ಆಂಟಿ-ಕ್ಲೋರಿನ್) ಹಾಕಿ, ಸೊಳ್ಳೆ ಮೊಟ್ಟೆ ಇಡದ ಹಾಗೆ ಬಿಗಿಯಾಗಿ ಮುಚ್ಚಿಡಿ.

ಪ್ರಶ್ನೆ (ಸುರತ್ಕಲ್):
ಸರ್, ಬಿಳಿ ಹಾಲಿಡೇ ಬ್ಲಾಕ್ ಹಾಕಿದರೆ ಸಾಕಾ? ಅಥವಾ ಆಟೋ ಫೀಡರ್ ತೆಗೆದುಕೊಳ್ಳಲಾ?

ಉತ್ತರ:
ಬಿಳಿ ಬ್ಲಾಕ್ ನಾನು ಯಾರಿಗೂ ಹೇಳುವುದಿಲ್ಲ. ಗಟ್ಟಿ ಪ್ಲಾಸ್ಟರಿನಲ್ಲಿ ಸ್ವಲ್ಪ ಫುಡ್ ಸೇರಿಸಿದ್ದು ಅದು. ಕರಗುತ್ತಾ ನೀರು ಕೆಡಿಸುತ್ತದೆ, ಎಷ್ಟೋ ಮೀನು ಅದನ್ನು ಮುಟ್ಟುವುದೇ ಇಲ್ಲ. ನಂಬಿಕೆಯ ಪಕ್ಕದ ಮನೆ ಇಲ್ಲದವರಿಗೆ ಆಟೋ ಫೀಡರ್ ಒಳ್ಳೆಯದು. ಆದರೆ ತಂದ ದಿನವೇ ಇಟ್ಟು ಹೋಗಬೇಡಿ. ಹತ್ತು ದಿನ ನಿಮ್ಮ ಕಣ್ಣೆದುರು ಓಡಲಿ. ಏರ್ ಸ್ಟೋನ್ ಗುಳ್ಳೆ ಒಡೆಯುವ ಜಾಗದ ಮೇಲೆ ಇಟ್ಟರೆ ಆವಿಗೆ ಫುಡ್ ಮುದ್ದೆ ಕಟ್ಟಿ ತೂತು ಮುಚ್ಚುತ್ತದೆ. ಪುಡಿ ಫುಡ್ ಬದಲು ಸಣ್ಣ ಕಾಳಿನ ಫುಡ್ ಹಾಕಿ, ಹೊಸ ಸೆಲ್ ಹಾಕಿ.

ಪ್ರಶ್ನೆ (ಬಿಜೈ, ಮಂಗಳೂರು):
ನಮ್ಮದು ಒಂದೇ ಫೈಟರ್ ಮೀನು, ಸಣ್ಣ ಬೌಲ್. 9 ದಿನ ಪ್ರವಾಸ. ನೋಡಲು ಯಾರೂ ಇಲ್ಲ.

ಉತ್ತರ:
9 ದಿನದ ಹಸಿವನ್ನು ಗಟ್ಟಿ ಫೈಟರ್ ತಡೆಯುತ್ತದೆ, 2 ಲೀಟರ್ ನೀರು ತಡೆಯುವುದಿಲ್ಲ. ಎರಡು ವಾರ ಮೊದಲೇ 15-20 ಲೀಟರಿನ ಟಬ್ಬಿಗೋ ಟ್ಯಾಂಕಿಗೋ ಬದಲಿಸಿ, ಸಣ್ಣ ಸ್ಪಂಜ್ ಫಿಲ್ಟರ್ ಹಾಕಿ. ಫೈಟರ್ ಮೇಲೆ ಬಂದು ಗಾಳಿ ನುಂಗುವ ಮೀನು, ಮುಚ್ಚಳಕ್ಕೂ ನೀರಿಗೂ ನಾಲ್ಕು ಬೆರಳು ಜಾಗ ಬಿಡಿ. ಬೌಲಿನಲ್ಲೇ ಇಡುವುದಾದರೆ ಗೆಳೆಯರ ಮನೆಗೆ ಕೊಟ್ಟು ಹೋಗಿ.

ಪ್ರಶ್ನೆ (ಮತ್ತೆ ಕುಂಜಿಬೆಟ್ಟು):
ಎಲ್ಲ ಬರೆದುಕೊಂಡೆ ಸರ್, ತುಂಬಾ ಥ್ಯಾಂಕ್ಸ್. ಒಂದು ಸಂಶಯ. ಆಂಟಿಯದ್ದು ಶುದ್ಧ ಸಸ್ಯಾಹಾರಿ ಮನೆ. ಸತ್ತ ಮೀನು ಕಂಡರೆ ಅವರು ಏನು ಮಾಡಬೇಕು? ನಾನು ಅಲ್ಲಿಂದ ಏನು ನೋಡಲಿ?

ಉತ್ತರ:
ಇದನ್ನು ಅವರ ಹತ್ತಿರ ಈಗಲೇ, ನೇರವಾಗಿ ಕೇಳಿ ಅಕ್ಕಾ. ಮುಟ್ಟಲು ಮನಸ್ಸಿಲ್ಲದವರಿಗೆ ಒತ್ತಾಯ ಬೇಡ. ಆದರೆ ಸತ್ತ ಮೀನು ಒಂದು ದಿನವೂ ಒಳಗೆ ಇರಬಾರದು, ಈ ಸೆಕೆಗೆ ಬೇಗ ಕರಗಿ ನೀರು ಕೆಡಿಸುತ್ತದೆ. ಅವರಿಗೆ ಆಗದಿದ್ದರೆ ಆ ಕೆಲಸಕ್ಕೆ ಬೇರೊಬ್ಬರ ನಂಬರ್ ಕೊಟ್ಟಿಡಿ. ಉದ್ದ ಹಿಡಿಯ ಬಲೆ, ಒಂದು ಪ್ಲಾಸ್ಟಿಕ್ ಕವರ್ ಟ್ಯಾಂಕಿನ ಪಕ್ಕದಲ್ಲೇ ಇರಲಿ.

ಫುಡ್ ಹಾಕುವ ಮೊದಲು 20 ಸೆಕೆಂಡಿನ ವೀಡಿಯೊ ಕಳಿಸಲು ಹೇಳಿ. ನೀವು ಮೊದಲು ಎಣಿಸಿ, 11 ಇವೆಯಾ ಅಂತ. ಸಕ್ಕರ್ ಅಡಗಿರುತ್ತದೆ, ಅದಕ್ಕೆ ಗಾಬರಿ ಬೇಡ. ಮೀನುಗಳು ಎಲ್ಲ ಮೇಲೆ ಸೇರಿ ಬಾಯಿ ತೆರೆದು ಗಾಳಿ ಎಳೆಯುತ್ತಿದ್ದರೆ ಫುಡ್ ಹಾಕಲೇಬಾರದು. ಮೊದಲು ಏರ್ ಪಂಪ್ ಓಡುತ್ತಿದೆಯಾ ನೋಡಲಿ. ಓಡದಿದ್ದರೆ ಟ್ಯಾಂಕಿನ ನೀರನ್ನೇ ಮಗ್‌ನಲ್ಲಿ ತೆಗೆದು ಒಂದು ಅಡಿ ಎತ್ತರದಿಂದ ಸುರಿಯಲಿ, ಹತ್ತು ಹದಿನೈದು ಸಲ. ಅಷ್ಟರಲ್ಲಿ ನನಗೆ ಫೋನ್ ಮಾಡಿ. ಉಡುಪಿಯಲ್ಲಿ ನನ್ನ ಹುಡುಗ ಇದ್ದಾನೆ, ಕಳಿಸುತ್ತೇನೆ.