ಫಾನ್ ಶ್ಯೇ ಯೇ ಎಲೆ ಅಮ್ಮನಿಗೆ ಕೊಡಬಹುದಾ? ಬಳಸಿದೋರು ಹೇಳಿ

ತುಂಗೆಯ_ಮಗಳು: ಸಿಂಗಾಪುರದಲ್ಲಿದ್ದೀನಿ. ಊರಿಂದ ಅಮ್ಮ ಬಂದಿದ್ದಾರೆ, 68 ವರ್ಷ, ಬಿಪಿ ಮಾತ್ರೆ ತಗೋತಾರೆ. ಬಂದಾಗಿಂದ ಮಲಬದ್ಧತೆ. ಇಲ್ಲಿನ ಚೈನೀಸ್ ಔಷಧಿ ಅಂಗಡಿಯವರು ಫಾನ್ ಶ್ಯೇ ಯೇ ಅಂತ ಒಣ ಎಲೆ ಕೊಟ್ರು, ನಮ್ಮ ಸೋನಾಮುಖಿನೇ ಅಂತೆ. ಎಷ್ಟು ಹಾಕ್ಬೇಕು, ಎಷ್ಟು ದಿನ ಕೊಡ್ಬಹುದು?

ಕಡಲೂರ_ಹುಡುಗಿ: ನನ್ನ ಕತೆ ಕೇಳಿ ಮೊದ್ಲು. ಮದುವೆ ಹತ್ರ ಬಂದಿತ್ತು, ತೂಕ ಇಳಿಸ್ಲಿಕ್ಕೆ ಅಂತ ಇಲ್ಲೇ ಒಂದು ಸ್ಲಿಮ್ಮಿಂಗ್ ಟೀ ತಗೊಂಡೆ, ಡಬ್ಬಕ್ಕೆ 38 ಡಾಲರ್. ಎದುರಿಗೆ ದೊಡ್ಡದಾಗಿ ಕಮಲದ ಎಲೆ ಚಿತ್ರ, ಹಿಂದೆ ಸಣ್ಣ ಚೈನೀಸ್ ಅಕ್ಷರದಲ್ಲಿ ಫಾನ್ ಶ್ಯೇ ಯೇ, ಇಂಗ್ಲಿಷಲ್ಲಿ ಬರೀ "ಹರ್ಬ್ಸ್". ಮೋಸ ಅಲ್ವಾ ಇದು? ರಾತ್ರಿ ಕುಡಿದ್ರೆ ಬೆಳಗಿನ ಜಾವ ಹೊಟ್ಟೆ ನುಲಿತ, ಆಮೇಲೆ ಬರೀ ನೀರು. ತೂಕ ಇಳೀತು, ಎರಡು ಲೋಟ ನೀರು ಕುಡಿದ್ರೆ ವಾಪಸ್ ಬಂತು. ಊಟದ ಸತ್ವ ಎಲ್ಲ ಸಣ್ಣ ಕರುಳಲ್ಲೇ ಹೀರ್ಕೊಂಡಾಗಿರ್ತದೆ, ಈ ಎಲೆ ಕೆಲಸ ಮಾಡುದು ದೊಡ್ಡ ಕರುಳಲ್ಲಿ, ಮತ್ತೆ ಕೊಬ್ಬು ಕರಗುದು ಎಲ್ಲಿಂದ? ತಿಂಗಳುಗಟ್ಟಲೆ ಕುಡಿದ ಮೇಲೆ ಅದಿಲ್ಲದೆ ಹೋಗ್ಲಿಕ್ಕೇ ಆಗ್ತಿರ್ಲಿಲ್ಲ. ಕೊಲೊನೋಸ್ಕೋಪಿಗೆ 1,900 ಡಾಲರ್ ಆಯ್ತು, ಇನ್ಶೂರೆನ್ಸಿನವ್ರು ಅರ್ಧ ಕೊಟ್ರು, ಅದಕ್ಕೂ ಫಾರ್ಮ್ ಮೇಲೆ ಫಾರ್ಮ್. ಫೋಟೋದಲ್ಲಿ ನೋಡಿದ್ರೆ ಕರುಳಿನ ಒಳಗೋಡೆ ಪೂರ್ತಿ ಕಂದು, ಮೊಸಳೆ ಚರ್ಮದ ಹಾಗೆ. ಮೆಲನೋಸಿಸ್ ಕೋಲೈ ಅಂತೆ, ಬಿಟ್ರೆ ನಿಧಾನಕ್ಕೆ ಹೋಗ್ತದೆ, ಕ್ಯಾನ್ಸರ್ ಅಲ್ಲ ಅಂದ್ರು. ರಿಪೋರ್ಟ್ ಬರುವ ತನಕ ನಿದ್ದೆ ಬಂದಿದ್ರೆ ಕೇಳಿ.

ಪರ್ಲ್‌ನದಿ_ಕನ್ನಡಿಗ: ಟೀ ಡಬ್ಬನ ತಂದು ವೈದ್ಯರು ಕೊಡೋ ಎಲೆ ಪಕ್ಕ ಇಡ್ಬೇಡಿ. ನಾನು ಗುವಾಂಗ್‌ಝೌನಲ್ಲಿರೋದು, ಇಲ್ಲಿ ಚೀನೀ ವೈದ್ಯದ ಆಸ್ಪತ್ರೇಲಿ ನಾಲಿಗೆ ನೋಡಿ, ಎರಡೂ ಕೈ ನಾಡಿ ಹಿಡಿದು ಆಮೇಲೆ ಬರೆದುಕೊಟ್ರು. 3 ಗ್ರಾಂ, ತಕ್ಕಡೀಲಿ ತೂಗಿ. ಕುದಿಸೋ ಹಾಗಿಲ್ಲ, ಬಿಸಿನೀರು ಹಾಕಿ ಮುಚ್ಚಿಟ್ಟು ಕುಡೀಬೇಕು. ಬೇರೆ ಕಷಾಯದ ಜೊತೆ ಆದ್ರೆ ಕೊನೇಲಿ ಹಾಕ್ಬೇಕು, ಹೆಚ್ಚು ಕುದಿಸಿದ್ರೆ ಸತ್ವ ಹೋಗತ್ತೆ. ಚೀನಾದ ಅಧಿಕೃತ ಔಷಧ ಸಂಹಿತೆಲೇ 2ರಿಂದ 6 ಗ್ರಾಂ ಅಂತಿದೆ. ರಾತ್ರಿ ಕುಡಿದೆ, ಬೆಳಿಗ್ಗೆ ಹೊಟ್ಟೆ ಹಗುರ, ನಿಲ್ಲಿಸ್ದೆ, ಮುಗೀತು. ಅವರ ಲೆಕ್ಕದಲ್ಲಿ ಇದು ತಂಪು ಗುಣದ್ದು, ದೊಡ್ಡ ಕರುಳಲ್ಲಿ ಉಷ್ಣ ಕಟ್ಕೊಂಡು ಮಲ ಗಟ್ಟಿ ಆದೋರಿಗೆ. ವಯಸ್ಸಾಗಿ ಕರುಳು ಒಣಗಿದೋರಿಗೆ ಹುವೋ ಮಾ ರೆನ್ ಅಂತ ಎಣ್ಣೆ ಬೀಜ ಕೊಡ್ತಾರೆ, ಇದನ್ನಲ್ಲ.

ಧಾರವಾಡ_ಮಳಿ: ನ್ಯಾಚುರಲ್ ಅನ್ನೋ ಮಾತು ಕೇಳಿದ್ರ ಮೈ ಉರೀತೈತಿ ನನಗ. ನಮ್ಮಪ್ಪಗ ಹಾರ್ಟಿಗೆ ಡಿಗಾಕ್ಸಿನ್, ಜೋಡಿ ನೀರಿನ ಗುಳಿಗಿ, ಅಂದ್ರ ಮೂತ್ರ ಹೆಚ್ಚಿಗಿ ಹೋಗ್ಲಿ ಅಂತ ಕೊಡೂದು, ನಡದಿತ್ತು. ಗಿಡಮೂಲಿಕಿ ಅಂಗಡ್ಯಾಂವ ಏನೂ ಆಗೂದಿಲ್ಲ ತಗೋರಿ ಅಂತ ಸೋನಾಮುಖಿ ಪುಡಿ ಕೊಟ್ಟ, ದಿನಾ ರಾತ್ರಿ ಒಂದ್ ಚಮಚಾ. ಜುಲಾಬಿನಾಗ ಪೊಟ್ಯಾಷಿಯಂ ಹೋಗ್ತೈತಿ, ನೀರಿನ ಗುಳಿಗಿಯಿಂದಾನೂ ಹೋಗ್ತೈತಿ, ಅದು ಇಳೀತಂದ್ರ ಡಿಗಾಕ್ಸಿನ್ ವಿಷ ಆಗ್ತೈತಿ. ಕಾಲಾಗ ಬಲಾ ಇಲ್ಲ, ವಾಂತಿ, ಎದಿ ಬಡಿತ ಹಳಿ ತಪ್ಪಿತ್ತು. ರಕ್ತ ತಗದ್ರ ಪೊಟ್ಯಾಷಿಯಂ 2.6, ಇರಬೇಕಾದ್ದು 3.5ರ ಮ್ಯಾಲ. ಐಸಿಯು ದಿನಕ್ಕ 14 ಸಾವಿರ, ಮಾನಿಟರ್ ಬ್ಯಾರೆ, ಪೊಟ್ಯಾಷಿಯಂ ಏರಿಸೋ ಪಂಪಿಗೆ ಬ್ಯಾರೆ, ಗ್ಲೌಸಿಗೇ 2,300 ರೂಪಾಯಿ ಹಚ್ಚಿದ್ರು. ಎಲಿ 40 ರೂಪಾಯಿದ್ದು ನೋಡ್ರಿ.

ಪರ್ಲ್‌ನದಿ_ಕನ್ನಡಿಗ: ಸರ್, ತೂಕ ಇಲ್ಲದೆ ಚಮಚದಲ್ಲಿ ದಿನಾ ಕೊಟ್ಟು ಎಲೆ ಮೇಲೆ ಯಾಕೆ ಗೂಬೆ ಕೂರಿಸ್ತೀರಾ? ಇದು ಚೀನೀ ವೈದ್ಯದ ತಪ್ಪಲ್ಲ.

ಧಾರವಾಡ_ಮಳಿ: ನಾಲಿಗಿ ನೋಡಿದ್ರಲ್ಲ ನಿಮ್ಮ ಡಾಕ್ಟ್ರು, ಪೊಟ್ಯಾಷಿಯಂ ನಾಲಿಗಿ ಮ್ಯಾಲ ಕಾಣಸ್ತೈತೇನ್ರಿ? ಐಸಿಯು ಬಾಗಿಲಾಗ ನಿಂತಾವ ನಾನು. ಗೂಬಿ ಗೀಬಿ ಅನಬ್ಯಾಡ್ರಿ.

ಮೆಡಿಕಲ್_ಶಾಪ್_ಅಕ್ಕ: ಇಬ್ರೂ ಸುಮ್ನಿರಿ ಸ್ವಲ್ಪ. ಮೈಸೂರಲ್ಲಿ ಇಷ್ಟು ವರ್ಷ ಔಷಧಿ ಕೌಂಟರಲ್ಲಿ ನಿಂತಿದ್ದೀನಿ, ಸೆನ್ನಾ ಅಂದ್ರೆ ಸೋನಾಮುಖಿನೇ, ಸೆನ್ನಾ ಮಾತ್ರೆಲೂ ಇರೋದು ಈ ಎಲೆಲಿರೋ ಸೆನ್ನೋಸೈಡ್ ಅನ್ನೋ ಜುಲಾಬಿನ ಅಂಶನೇ. ಬಸುರಿಯರಿಗೆ ನಾನಂತೂ ಎಲೆ ಕೊಡಲ್ಲ, ಡಾಕ್ಟರ್ ಹತ್ರ ಕಳಿಸ್ತೀನಿ. ಹೊಟ್ಟೆನೋವು ಯಾಕೆ ಅಂತ ಗೊತ್ತಿಲ್ಲದೋರಿಗೆ, ಕರುಳು ಕಟ್ಕೊಂಡಿರೋ ಅನುಮಾನ ಇರೋರಿಗೆ ಕೊಡ್ಲೇಬಾರ್ದು. ವಾರಕ್ಕಿಂತ ಜಾಸ್ತಿ ತಗೊಂಡೋರಿಗೆ ನಾನೇ ಬೈದು ಕಳಿಸ್ತೀನಿ. ಮೂತ್ರ ಕೆಂಪಗೆ ಬಂತು ಅಂತ ಗಾಬರಿಯಿಂದ ಓಡಿ ಬರ್ತಾರೆ, ಅದು ಎಲೆ ಬಣ್ಣ ಇರಬಹುದು, ಆದ್ರೂ ನಿಲ್ಲಿಸಿದ ಮೇಲೂ ಹಾಗೇ ಇದ್ರೆ ತೋರಿಸ್ಬೇಕು.

ತುಂಗೆಯ_ಮಗಳು: ಅಮ್ಮನ ಬಿಪಿ ಮಾತ್ರೆ ಹಾಳೆ ಮೇಲೆ ಹೈಡ್ರೋಕ್ಲೋರೋಥಯಜೈಡ್ ಅಂತಿದೆ. ಅದೂ ನೀರಿನ ಮಾತ್ರೆನಾ?

ಧಾರವಾಡ_ಮಳಿ: ಹೌದ್ರಿ ತಂಗಿ, ಅದ ನೋಡ್ರಿ! ಕೊಡಬ್ಯಾಡ್ರಿ, ಮೊದ್ಲ ಡಾಕ್ಟರ್ನ ಕೇಳ್ರಿ.

ಕಡಲೂರ_ಹುಡುಗಿ: ನಾನು ಅದನ್ನೇ ಹೇಳಿದ್ದು, ಯಾರು ಕೇಳಿದ್ರಿ? ಚೈನೀಸ್ ಎಲೆ ಸಹವಾಸವೇ ಬೇಡ.

ತಾಮ್ರಪರ್ಣಿ: ಚೈನೀಸ್ ಎಲೆ ಎಲ್ಲಿಂದ ಬಂತ್ರೀ? ತಮಿಳುನಾಡಿನ ತಿರುನೆಲ್ವೇಲಿ, ತೂತ್ತುಕುಡಿ ಕಡೆ ಹೊಲದಲ್ಲಿ ಬೆಳೆಯೋದು, ಟಿನೆವೆಲ್ಲಿ ಸೆನ್ನಾ ಅಂತ ಜಗತ್ತಿಗೆಲ್ಲ ಗೊತ್ತು. ನಮ್ಮ ಮಾವನ ಮನೆಯವರು ಎಲೆ ಕಿತ್ತು ನೆರಳಲ್ಲಿ ಒಣಗಿಸ್ತಾರೆ, ಬಿಸಿಲಿಗೆ ಹಾಕಿದ್ರೆ ಹಸಿರು ಹೋಗಿ ರೇಟು ಬಿದ್ದೋಗುತ್ತೆ.

ಪರ್ಲ್‌ನದಿ_ಕನ್ನಡಿಗ: ಬೆಳೆದಿದ್ದು ಎಲ್ಲೇ ಆಗ್ಲಿ, ಯಾರಿಗೆ ಎಷ್ಟು ಅನ್ನೋ ಶಾಸ್ತ್ರ ಇಲ್ಲೀದು.

ತಾಮ್ರಪರ್ಣಿ: ಸಿದ್ಧವೈದ್ಯರು ಏನು ಸುಮ್ನೆ ಕೂತಿದ್ರಾ? ನಿಲಾವರೈ ಸೂರಣಂ, ಅಂದ್ರೆ ಸೋನಾಮುಖಿ ಪುಡಿ, ಅಂತ ಕೇಳಿ ನೋಡಿ, ನಮ್ಮ ಕಡೆ ಯಾವ ನಾಟಿ ಔಷಧಿ ಅಂಗಡಿಲಾದ್ರೂ ಸಿಗುತ್ತೆ. ಸಿಂಗಾಪುರದಲ್ಲಿ ದುಡ್ಡು ಕೊಟ್ಟು ತಗೊಂಡ್ರಲ್ಲ ಆ ಎಲೆ ಪೊಟ್ಟಣ, ರೈತನಿಗೆ ಅದರಲ್ಲಿ ಎಷ್ಟು ಸಿಕ್ಕಿರುತ್ತೆ ಅದನ್ನ ಹೇಳಿ ಮೊದ್ಲು.